ಉಸುಕಿನ ನಡುಗೆರೆ

ಹೋದ ತಿಂಗಳು ತಂಗಿಯ ಮಗಳ ಮದುವೆಗೆ ಸೀರೆ ತರಲು ಬನಹಟ್ಟಿಗೆ ಹೋಗಿದ್ದೆವು. ಅಂಗಡಿಗೆ ಹೋಗುವ ಓಣಿಯಲ್ಲಿ ಗಂಜಿ ಹಾಕಿದ ನೂಲನ್ನು ಉದ್ದಕ್ಕೆ ಎಳೆದು ಒಣಗಲು ಕಟ್ಟಿದ್ದರು. ಹಳಸಿದ ಅನ್ನದಂಥ, ಸ್ವಲ್ಪ ಹುಳಿಯಾದ ವಾಸನೆ. ತಂಗಿ ಮೂಗಿಗೆ ಸೆರಗು ಹಿಡಿದು ಮುಂದೆ ಹೋದಳು. ನಾನು ಸ್ವಲ್ಪ ಹೊತ್ತು ಅಲ್ಲೇ ನಿಂತೆ. ಆ ವಾಸನೆಗೆ ಬೇರೆಯವರಿಗೆ ಮಗ್ಗ ನೆನಪಾದೀತು. ನನಗೆ ಕುದುರೆಗಳು ನೆನಪಾದವು.

ನಾಲ್ಕು ವರ್ಷದ ಹಿಂದೆ ಆ ವಾಸನೆ ವಾರಕ್ಕೆ ಎರಡು ಸಲ ನಮ್ಮ ಕುದುರೆಲಾಯಕ್ಕೆ ಬರುತ್ತಿತ್ತು. ತರುತ್ತಿದ್ದವರು ಬನಹಟ್ಟಿಯ ಈರಣ್ಣ. ಮನೆಯಲ್ಲಿ ಎಂಟು ಮಗ್ಗ ನಡೆಸುತ್ತಿದ್ದ ಅವರಿಗೆ ಐವತ್ತು ದಾಟಿತ್ತು, ಹೊಟ್ಟೆ ಬಂದಿತ್ತು, ಡಾಕ್ಟರು ದಿನಾ ನಡೆಯಬೇಕು ಎಂದಿದ್ದರು. ನಡೆಯುವ ಬದಲು ಅವರು ಸವಾರಿ ಕಲಿಯಲು ಬಂದರು. ನಡೆಯುವ ಕೆಲಸ ಕುದುರೆ ಮಾಡಲಿ, ಮೈ ಇಬ್ಬರದೂ ಇಳಿಯುತ್ತದೆ ಎಂದು ಮೊದಲ ದಿನವೇ ಹೇಳಿ ನಮ್ಮನ್ನು ನಗಿಸಿದ್ದರು. ಕುದುರೆಗಳಿಗೆ ಅವರ ಅಂಗಿಯ ಮೇಲಿನ ಗಂಜಿ ಬಹಳ ಇಷ್ಟ. ಬಿಟ್ಟರೆ ತೋಳನ್ನೇ ನೆಕ್ಕುತ್ತಿದ್ದವು.

ಜಮಖಂಡಿಯಿಂದ ಮುಧೋಳಕ್ಕೆ ಹೋಗುವ ರಸ್ತೆಗೆ ಹತ್ತಿಕೊಂಡು ನಮ್ಮದು ಎರಡು ಎಕರೆ ಇತ್ತು. ನಮ್ಮ ಮನೆಯವರು ಸೈನ್ಯದ ಕುದುರೆ ದಳದಲ್ಲಿ ಇಪ್ಪತ್ತನಾಲ್ಕು ವರ್ಷ ಕೆಲಸ ಮಾಡಿ ದಫೇದಾರರಾಗಿ ನಿವೃತ್ತರಾದವರು. ಊರಿಗೆ ಬಂದ ಮೇಲೆ ಎಲ್ಲರಂತೆ ಕಬ್ಬು ಹಚ್ಚುತ್ತಾರೆ ಎಂದುಕೊಂಡಿದ್ದೆ. ಅವರು ಲಾಯ ಕಟ್ಟಿಸಿದರು. ಕುದುರೆಗಳು ಐದು. ಮೂರು ನಮ್ಮವು, ಎರಡು ಬೇರೆಯವರವು; ಅವುಗಳನ್ನು ಇಟ್ಟುಕೊಂಡು ಮೇವು ಹಾಕಿ ಪಳಗಿಸಿ ಕೊಡುವುದು. ಸಕ್ಕರೆ ಕಾರ್ಖಾನೆಯ ಅಧಿಕಾರಿಗಳ ಮಕ್ಕಳು, ಡಾಕ್ಟರುಗಳ ಮಕ್ಕಳು ಸಂಜೆ ಕಲಿಯಲು ಬರುತ್ತಿದ್ದರು. ಸುತ್ತಲಿನ ಜನ ಅದನ್ನು ಕುದುರಿ ಸಾಲಿ ಎಂದು ಕರೆಯುತ್ತಿದ್ದರು.

ನಮ್ಮ ಮನೆಯವರು ಕಲಿಸುತ್ತಿದ್ದುದು ಓಟವಲ್ಲ, ಬೇಲಿ ಹಾರಿಸುವುದೂ ಅಲ್ಲ. ಡ್ರೆಸಾಜ್ ಎಂದು ಅದರ ಹೆಸರು. ಉಸುಕು ಹಾಸಿದ ಉದ್ದನೆಯ ಅಂಗಳ, ಅದರ ಸುತ್ತ ಒಂದೊಂದು ಇಂಗ್ಲಿಷ್ ಅಕ್ಷರ ಬರೆದ ಎಂಟು ಎಣ್ಣೆ ಡಬ್ಬಿಗಳು. ಇಂಥ ಅಕ್ಷರದ ಹತ್ತಿರ ಕುದುರೆ ನಿಲ್ಲಬೇಕು, ಇಂಥಲ್ಲಿ ತಿರುಗಬೇಕು, ಇಂಥಲ್ಲಿ ನಡಿಗೆ ಬಿಟ್ಟು ದುಲಕಿ, ಅಂದರೆ ಸಣ್ಣ ಓಟ, ಹಿಡಿಯಬೇಕು. ಸವಾರ ಕುದುರೆಗೆ ಏನು ಹೇಳಿದ ಎಂಬುದು ನೋಡುವವರಿಗೆ ಕಾಣಬಾರದು. ಹೊಸದರಲ್ಲಿ ಜನ ಗುಂಪು ಕಟ್ಟಿ ನೋಡಲು ಬರುತ್ತಿದ್ದರು. ಯಾವಾಗ ಓಡುತ್ತದೆ ಎಂದು ಕೇಳುತ್ತಿದ್ದರು, ಹಲಗಿ ಬಾರಿಸಿದರೆ ಕುಣಿಯುತ್ತದೆಯೇ ಎಂದು ಕೇಳುತ್ತಿದ್ದರು. ಬೀಳಗಿಯ ಹಿರಿಯರೊಬ್ಬರು ಒಂದು ತಾಸು ನಿಂತು ನೋಡಿ, ಇದು ಕಣದಾಗ ಎತ್ತು ತಿರುಗಿಸಿದಂಗ ಐತಲ್ಲ ಎಂದರು. ನಮ್ಮ ಮನೆಯವರು, ಹೌದ್ರಿ, ಆದ್ರ ಕಾಳಿಲ್ಲ ಎಂದರು. ಆ ಹಿರಿಯರು ಮತ್ತೆ ಬರಲಿಲ್ಲ.

ನಾನು ಏಳನೆಯ ಇಯತ್ತೆವರೆಗೆ ಓದಿದವಳು. ಕುದುರೆಯ ಮೇಲೆ ಒಮ್ಮೆಯೂ ಕುಳಿತಿಲ್ಲ. ನನ್ನ ಕೆಲಸ ಉಸುಕು ಎಳೆಯುವುದು. ಮರದ ಹಲ್ಲುಗಳಿದ್ದ ಉದ್ದ ಕೋಲಿನಿಂದ ಬೆಳಗ್ಗೆ ಒಮ್ಮೆ, ನಮ್ಮ ಮನೆಯವರ ಸವಾರಿ ಮುಗಿದ ಮೇಲೆ ಒಮ್ಮೆ, ಮಕ್ಕಳು ಹೋದ ಮೇಲೆ ಒಮ್ಮೆ ಇಡೀ ಅಂಗಳವನ್ನು ಸಮ ಮಾಡುತ್ತಿದ್ದೆ. ಪಾಲಕರು ಮೊಬೈಲು ಹಿಡಿದು ತಮ್ಮ ತಮ್ಮ ಮಕ್ಕಳ ವಿಡಿಯೋ ಮಾಡಿಕೊಳ್ಳುತ್ತಿದ್ದರು. ನಮ್ಮ ಮನೆಯವರ ಸವಾರಿಯನ್ನು ಯಾರೂ ವಿಡಿಯೋ ಮಾಡಲಿಲ್ಲ. ಅವರು ಸವಾರಿ ಮಾಡಿದ ಗುರುತು ಎಂದರೆ ಉಸುಕಿನಲ್ಲಿ ಮೂಡಿದ ಗೊರಸಿನ ಅಚ್ಚುಗಳು ಮಾತ್ರ, ಅವುಗಳನ್ನು ನೋಡುತ್ತಿದ್ದವಳು ನಾನು ಮಾತ್ರ.

ಅಂಗಳದ ಬಾಗಿಲಿನ ನಡುವಿನಿಂದ ಎದುರಿನ ತುದಿಯ ನಡುವಿನವರೆಗೆ ಕಣ್ಣಿಗೆ ಕಾಣದ ಒಂದು ಗೆರೆ ಇರುತ್ತದೆ. ಅವರು ಅದಕ್ಕೆ ನಡುಗೆರೆ ಎನ್ನುತ್ತಿದ್ದರು. ಯಾವ ಪರೀಕ್ಷೆಯಾದರೂ ಆ ಗೆರೆಯ ಮೇಲೆ ಒಳಗೆ ಬರುವುದರಿಂದ ಶುರುವಾಗುತ್ತದೆ. ಸುತ್ತು ಹಾಕುವುದು ಮೂರು ತಿಂಗಳಲ್ಲಿ ಬರುತ್ತದೆ, ನೆಟ್ಟಗೆ ನಡೆಯುವುದಕ್ಕೆ ಎರಡು ವರ್ಷ ಬೇಕು ಎಂದು ಮಕ್ಕಳಿಗೆ ಹೇಳುತ್ತಿದ್ದರು. ಮಕ್ಕಳಿಗೆ ಅದು ತಮಾಷೆ ಎನಿಸುತ್ತಿತ್ತು.

ಆ ವರ್ಷ ದೀಪಾವಳಿಯಾಗಿ ಹತ್ತು ದಿನಕ್ಕೆ ಕಾರ್ಖಾನೆಗಳು ಶುರುವಾದವು. ಸಮೀರವಾಡಿ ಕಡೆಗೆ ಕಬ್ಬು ತುಂಬಿದ ಟ್ರ್ಯಾಕ್ಟರುಗಳು ಹಗಲೆಲ್ಲ ಹಾಡು ಹಚ್ಚಿಕೊಂಡು ನಮ್ಮ ಮುಂದೆಯೇ ಹೋಗುತ್ತಿದ್ದವು. ಕುದುರೆಗಳು ಮೊದಲ ವಾರ ಬೆದರುತ್ತವೆ, ಆಮೇಲೆ ಸುಮ್ಮನಾಗುತ್ತವೆ. ಆ ಮೊದಲ ವಾರದಲ್ಲೇ ತೇರದಾಳದ ಪದ್ಮಣ್ಣನವರು ಚಂಪಾ ಎಂಬ ಕುದುರೆಯನ್ನು ಗಾಡಿಯಲ್ಲಿ ಹೇರಿಕೊಂಡು ಬಂದರು.

ಪದ್ಮಣ್ಣನವರದು ತೇರದಾಳದ ಹಳೆಯ ಜೈನ ಮನೆತನ. ಹೊಲ ಇತ್ತು, ಅರಿಷಿಣದ ವ್ಯಾಪಾರ ಇತ್ತು. ಕಾಲೇಜಿಗೆ ಹೋಗುವ ಮಗಳಿಗೆ ಸವಾರಿಯ ಹುಚ್ಚು. ಅವಳಿಗಾಗಿ ದೂರದ ಕುದುರೆ ಸಂತೆಯಿಂದ ಈ ಕಂದು ಬಣ್ಣದ ಹೆಣ್ಣುಕುದುರೆಯನ್ನು ಕೊಂಡು ತಂದಿದ್ದರು. ಮನೆಯ ಅಂಗಳಕ್ಕೆ ತರುವ ಮುಂಚೆ ಅವರ ತಾಯಿ ಆರತಿ ಹಿಡಿದು ಬಂದು ಕುದುರೆಯ ಮುಖ ಸವರಿದರಂತೆ. ಎಡಗಣ್ಣಿನ ಕೆಳಗೆ ಬೆರಳಿಗೆ ಸುಳಿ ತಗಲಿತು. ಕೂದಲು ಗುಂಡಗೆ ತಿರುಗಿದ ಜಾಗಕ್ಕೆ ಸುಳಿ ಎನ್ನುತ್ತಾರೆ. ಎತ್ತು, ಎಮ್ಮೆ, ಕುದುರೆ ಏನೇ ಕೊಳ್ಳಲಿ, ನಮ್ಮ ಕಡೆ ಹಲ್ಲು ನೋಡುವ ಮೊದಲು ಸುಳಿ ನೋಡುತ್ತಾರೆ. ಕಣ್ಣ ಕೆಳಗಿನದು ಕಣ್ಣೀರು ಸುಳಿ. ಅಂಥ ಕುದುರೆ ಕಟ್ಟಿದ ಮನೆಯಲ್ಲಿ ಅಳು ತಪ್ಪುವುದಿಲ್ಲ ಎಂದು ನಂಬಿಕೆ. ಮುದುಕಿ ಆರತಿ ಕೆಳಗಿಟ್ಟು ಒಳಗೆ ಹೋದರಂತೆ.

“ನಾ ಇದನೆಲ್ಲ ನಂಬಾಂವ ಅಲ್ಲ ದಫೇದಾರ್ರ,” ಎಂದರು ಪದ್ಮಣ್ಣ. “ಆದ್ರ ಅವ್ವಗ ಎಂಬತ್ತಮೂರು. ಆಕಿನ್ನ ನೋಯಿಸಿ ಅಂಗಳದಾಗ ಕುದುರಿ ಕಟ್ಟಾಕ ಆಗೂದಿಲ್ಲ.”

ತಾಯಿ ಮಗನ ನಡುವೆ ಒಂದು ಒಪ್ಪಂದ ಆಗಿತ್ತು. ಯುಗಾದಿಯವರೆಗೆ ಕುದುರೆ ಬೇರೆ ಕಡೆ ಇರಬೇಕು. ಅಲ್ಲಿ ಅದು ಛಲೋ ಪಳಗಿ, ಕಟ್ಟಿದವರ ಮನೆಯಲ್ಲಿ ಏನೂ ಕೆಟ್ಟದ್ದು ಆಗದಿದ್ದರೆ ಮನೆಗೆ ತರಬಹುದು. ಇಲ್ಲದಿದ್ದರೆ ಮುಧೋಳದ ಕಡೆ ಮದುವೆ ಮೆರವಣಿಗೆಗೆ ಕುದುರೆ ಇಟ್ಟವನೊಬ್ಬನಿದ್ದ, ಅವನಿಗೆ ಕೊಟ್ಟುಬಿಡಬೇಕು. ಕೆಟ್ಟದ್ದು ಆಗಲಿಕ್ಕಿರುವ ಮನೆ ನಮ್ಮದು ಎಂಬುದು ಈ ಮಾತಿನಲ್ಲಿ ಇತ್ತು. ಪದ್ಮಣ್ಣನವರಿಗೂ ಅದು ಹೊಳೆದು, ನೀವು ಬ್ಯಾಡ ಅಂದ್ರ ನಾ ಸಿಟ್ಟಾಗೂದಿಲ್ಲ ಎಂದರು. ನಮ್ಮ ಮನೆಯವರು ಅಷ್ಟು ಹೊತ್ತಿಗೆ ಚಂಪಾಳ ಹಗ್ಗ ಹಿಡಿದು ಲಾಯದ ಕಡೆ ನಡೆದಿದ್ದರು.

ಚಂಪಾಳಿಗೆ ಹಲಗಿಯ ಸದ್ದು ಆಗುತ್ತಿರಲಿಲ್ಲ. ರಸ್ತೆಯಲ್ಲಿ ಮೆರವಣಿಗೆ ಹೋದರೆ ಲಾಯದ ಮೂಲೆಗೆ ಮುಖ ಮಾಡಿ ನಿಲ್ಲುತ್ತಿದ್ದಳು, ಮೈಯೆಲ್ಲ ಬೆವರುತ್ತಿತ್ತು. ಮೆರವಣಿಗೆಗೆ ಕುಣಿಯಲು ಹೇಗೆ ಕಲಿಸುತ್ತಾರೆ ಎಂದು ನಮ್ಮ ಮನೆಯವರಿಗೆ ಗೊತ್ತಿತ್ತು. ಕಾಲುಗಳಿಗೆ ಹಗ್ಗ ಕಟ್ಟಿ, ಕಿವಿಯ ಹತ್ತಿರ ಹಲಗಿ ಬಡಿದು ಕಲಿಸುತ್ತಾರಂತೆ. ಅವರು ಅದರ ಬಗ್ಗೆ ಹೆಚ್ಚು ಮಾತಾಡಲಿಲ್ಲ. ಯುಗಾದಿಗೆ ಎಷ್ಟು ವಾರ ಉಳಿದವು ಎಂದು ಮಾತ್ರ ಆಗಾಗ ನನ್ನನ್ನು ಕೇಳುತ್ತಿದ್ದರು.

ಮೊದಲ ತಿಂಗಳು ಉದ್ದ ಹಗ್ಗ ಹಿಡಿದು ನೆಲದ ಮೇಲೆ ನಿಂತೇ ಅವಳನ್ನು ಸುತ್ತು ತಿರುಗಿಸಿದರು. ಬೇಗ ಕಲಿತಳು. ಡಿಸೆಂಬರದಲ್ಲಿ ಜೀನು ಹಾಕಿ ಮೇಲೆ ಕುಳಿತರು. ಸುತ್ತು ಬಂತು, ನಿಲ್ಲುವುದು ಬಂತು. ನಡುಗೆರೆ ಬರಲಿಲ್ಲ. ಬಾಗಿಲಲ್ಲಿ ನೆಟ್ಟಗೆ ಒಳಗೆ ಬರುವಳು. ಅರ್ಧ ದಾರಿಗೆ ಸ್ವಲ್ಪ ಸ್ವಲ್ಪ ಎಡಕ್ಕೆ ಸರಿಯುತ್ತ, ತುದಿ ಮುಟ್ಟುವಾಗ ನಡುವಿನ ಡಬ್ಬಿಯಿಂದ ಒಂದೂವರೆ ಮೊಳ ಆಚೆ ಇರುವಳು. ದಿನವೂ ಅದೇ ಜಾಗ. ಕಬ್ಬಿನ ಗಾಡಿಗಳು ರಸ್ತೆಯ ಒಂದೇ ತಗ್ಗಿನಲ್ಲಿ ಹೋಗುವಂತೆ ಅವಳ ಗೊರಸುಗಳು ಹೋಗುತ್ತಿದ್ದವು.

ಅವರು ಕುದುರೆಯನ್ನು ಬೈಯುವವರಲ್ಲ. ಒಂದೊಂದಾಗಿ ಎಲ್ಲವನ್ನೂ ನೋಡಿದರು. ನಾಲ ಹೊಡೆಯುವವನನ್ನು ಕರೆಸಿ ನಾಲ್ಕೂ ನಾಲ ತೆಗೆಸಿ, ಗೊರಸು ಅಳತೆ ಮಾಡಿ ಮತ್ತೆ ಹೊಡೆಸಿದರು. ದನದ ಡಾಕ್ಟರನ್ನು ಕರೆದು ಹಲ್ಲು ತೋರಿಸಿದರು, ಬೆನ್ನು ತೋರಿಸಿದರು. ಜೀನಿನ ಒಳಗಿನ ಹತ್ತಿ ಬಿಚ್ಚಿಸಿ ಹೊಸದಾಗಿ ತುಂಬಿಸಿದರು. ಅಂಗಳವೇ ಎಡಕ್ಕೆ ಇಳಿಜಾರಾಗಿದೆಯೋ ಏನೋ ಎಂದು ಮನೆ ಕಟ್ಟುವ ಗವಂಡಿಯನ್ನು ಕರೆಸಿ ನೀರಿನ ಪೈಪು ಹಿಡಿಸಿ ಮಟ್ಟ ನೋಡಿದರು. ಬಾಗಿಲಿನಿಂದ ತುದಿಗೆ ಹಗ್ಗ ಎಳೆದು ಸುಣ್ಣದ ಗೆರೆ ಹಾಕಿದರು. ಚಂಪಾ ಸುಣ್ಣದ ಗೆರೆಯನ್ನೂ ಬಿಟ್ಟು ಎಡಕ್ಕೆ ಹೋದಳು.

ಹದಿನೈದು ದಿನಕ್ಕೊಮ್ಮೆ ರವಿವಾರ ಪದ್ಮಣ್ಣನವರು ಬರುತ್ತಿದ್ದರು. ಅವರು ನಿಲ್ಲುತ್ತಿದ್ದುದು ನಡುಗೆರೆಯ ತುದಿಯಲ್ಲಿ, ಕುದುರೆ ಎದುರಿಗೆ ಬರುವ ಕಡೆ. ಅಲ್ಲಿ ನಿಂತವರಿಗೆ ಒಂದು ಬೆರಳು ಸರಿದರೂ ಕಾಣುತ್ತದೆ. ಎರಡು ಸಲ ನೋಡಿ ಏನೂ ಅನ್ನಲಿಲ್ಲ. ಮೂರನೆಯ ಸಲ ಚಹಾ ಕುಡಿಯುತ್ತ, ಸುಳಿ ಇರೂದೂ ಎಡಕ್ಕ, ಸರಿಯೂದೂ ಎಡಕ್ಕ ಎಂದರು. ನಂಬದವರು ಅದನ್ನು ಎಷ್ಟು ದಿನದಿಂದ ಯೋಚಿಸುತ್ತಿದ್ದರೋ ಗೊತ್ತಿಲ್ಲ.

ನಾನು ಆ ಎಡಕ್ಕೆ ಸರಿದ ಹೆಜ್ಜೆಗಳನ್ನು ಮೊದಲೇ ನೋಡಿದ್ದೆ. ಚಂಪಾ ಬರುವ ಮೂರು ತಿಂಗಳ ಮುಂಚೆ, ಶ್ರಾವಣದಲ್ಲಿ. ಆಗ ಅವರು ದಿನಾ ಬಾದಶಹನ ಮೇಲೆ ಕುಳಿತುಕೊಳ್ಳುತ್ತಿದ್ದರು. ಬಾದಶಹ ವಯಸ್ಸಾದ ಗಂಡುಕುದುರೆ. ಸೈನ್ಯದಿಂದ ಕೆಲಸಕ್ಕಾಗದು ಎಂದು ಹೊರಬಿದ್ದಾಗ ಇವರೇ ಕೊಂಡು ಜೊತೆಗೆ ಕರೆತಂದಿದ್ದರು. ಅವನ ಹೆಜ್ಜೆಗಳು ತುದಿಯಲ್ಲಿ ಒಂದು ಗೇಣು ಎಡಕ್ಕೆ ಬಂದಿರುತ್ತಿದ್ದವು. ಮುದಿ ಕುದುರೆ, ಒಂದು ಕಡೆ ಜಗ್ಗುತ್ತಿದೆ ಎಂದುಕೊಂಡೆ. ಹೇಳಿದರೆ ಅವರು ಅವನ ಮೇಲೆ ಜೀನು ಹಾಕುವುದನ್ನು ನಿಲ್ಲಿಸುತ್ತಿದ್ದರು, ಅವನು ಮೂಲೆ ಹಿಡಿಯುತ್ತಿದ್ದ. ಹಲ್ಲಿನ ಕೋಲು ಎಳೆದು ಒರೆಸಿಬಿಟ್ಟೆ. ದಿನವೂ ಒರೆಸಿದೆ. ಕಲಿಯಲು ಬಂದವರ ಕುದುರೆಯ ಹೆಜ್ಜೆಗಳು ಹೇಗೂ ಎಲ್ಲೆಂದರಲ್ಲಿ ಇರುತ್ತಿದ್ದವು, ಅವುಗಳಿಂದ ಏನೂ ತಿಳಿಯುತ್ತಿರಲಿಲ್ಲ. ಚಂಪಾಳೂ ಎಡಕ್ಕೆ ಸರಿಯಲು ಶುರು ಮಾಡಿದಾಗಲಾದರೂ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಕುದುರೆಯವರ ಮನೆಯಲ್ಲಿ ಹತ್ತು ವರ್ಷ ಇದ್ದರೆ ಕಣ್ಣು ಕುದುರೆಯನ್ನಷ್ಟೇ ನೋಡಲು ಕಲಿಯುತ್ತದೆ.

ಸಂಕ್ರಾಂತಿಯ ಮರುದಿನ ಈರಣ್ಣ ಬಂದಾಗ ಬಾದಶಹನ ಗೊರಸಿನಲ್ಲಿ ಕೀವು ಆಗಿತ್ತು. ಅವರು ಯಾವಾಗಲೂ ಕುಳಿತುಕೊಳ್ಳುತ್ತಿದ್ದುದು ಅವನ ಮೇಲೆ. ಬನಹಟ್ಟಿಯಿಂದ ಬಂದವರನ್ನು ಸುಮ್ಮನೆ ಕಳಿಸಬಾರದೆಂದು ನಮ್ಮ ಮನೆಯವರು ಚಂಪಾಳ ಮೇಲೆ ಹತ್ತಿಸಿದರು. ಏನೂ ಮಾಡಬೇಡಿ, ಲಗಾಮು ಸಡಿಲ ಹಿಡಿದು ಸುಮ್ಮನೆ ಕುಳಿತಿರಿ, ನಡೆಯುತ್ತಾಳೆ ಎಂದರು. ಏನೂ ಮಾಡದೆ ಕುಳಿತುಕೊಳ್ಳುವುದು ತನಗೆ ಹುಟ್ಟಿನಿಂದ ಬರುತ್ತದೆ ಎಂದು ಈರಣ್ಣ ಹೇಳಿದರು.

ಚಂಪಾ ಬಾಗಿಲಿನಿಂದ ಒಳಗೆ ಬಂದಳು. ಆಗಷ್ಟೇ ಎಳೆದ ಉಸುಕು, ನಾನು ಕೋಲು ಹಿಡಿದು ಬದಿಗೆ ನಿಂತಿದ್ದೆ. ಈರಣ್ಣ ಹತ್ತಿಯ ಗಂಟು ಹೇರಿದಂತೆ ಕುಳಿತಿದ್ದರು. ಅವಳು ಸುಣ್ಣದ ಗೆರೆಯ ಮೇಲೆ ಗೊರಸಿಡುತ್ತ ತುದಿಯವರೆಗೆ ಹೋಗಿ, ಡಬ್ಬಿಯ ಎದುರಿಗೆ ಮೂಗು ಇಟ್ಟು ನಿಂತಳು.

ಈರಣ್ಣ ಹಿಂದೆ ತಿರುಗಿ ನೋಡಿದರು. ದಿನವೆಲ್ಲ ಎಳೆ ನೋಡುವ ಕಣ್ಣು.

“ಏನ್ರೀ ದಫೇದಾರ್ರ,” ಎಂದರು, “ನಾ ಕುಂತ್ರ ನೆಟ್ಟಗ, ನೀವು ಕುಂತ್ರ ಸೊಟ್ಟ. ನಾಳಿಂದ ನಾ ಮಾಸ್ತರ ಆಕ್ಕೇನಿ, ನೀವು ಫೀ ಕೊಟ್ಟ ಕಲೀರಿ.”

ನಾನು ನಕ್ಕೆ. ನಮ್ಮ ಮನೆಯವರು ನಗಲಿಲ್ಲ. ಇನ್ನೊಮ್ಮೆ ಬರಲು ಹೇಳಿದರು. ಮತ್ತೆ ನೆಟ್ಟಗೆ ಬಂದಳು. ಮೂರನೆಯ ಸಲವೂ. ಆಮೇಲೆ ಈರಣ್ಣನನ್ನು ಇಳಿಸಿ ತಾವು ಹತ್ತಿದರು. ಆ ಮೂರು ಸಾಲು ಹೆಜ್ಜೆಗಳ ಪಕ್ಕದಿಂದ ನಾಲ್ಕನೆಯ ಸಾಲು ಮೆಲ್ಲಗೆ ಒಡೆದು ಎಡಕ್ಕೆ ಹೋಯಿತು. ತುದಿಯಲ್ಲಿ ಇಳಿಯುವಾಗ ಅವರ ಎಡಗಾಲು ರಿಕಾಪಿನ ಬಳೆಯಿಂದ ಹೊರಗೆ ಬರಲಿಲ್ಲ. ಕೈಯಿಂದ ಬೂಟು ಹಿಡಿದು ಬಿಡಿಸಿಕೊಂಡರು. ಈರಣ್ಣನಿಗೆ ಮುಂದಿನ ಪಾಠ ಯಾವತ್ತು ಎಂದು ಹೇಳಿ ಕಳಿಸಿದರು.

ಮಧ್ಯಾಹ್ನ ಊಟಕ್ಕೆ ಕುಳಿತಾಗ ತಮ್ಮ ಚಪ್ಪಲಿ ತರಿಸಿ ಎರಡನ್ನೂ ತಿರುಗಿಸಿ ನೋಡಿದರು. ಎಡದ್ದರ ಮುಂದಿನ ತುದಿ ತೇದು ಹೋಗಿತ್ತು. ಬಲದ್ದು ಹೊಸದರಂತಿತ್ತು. ಚಪ್ಪಲಿಯನ್ನು ಬಾಗಿಲ ಹೊರಗಿಟ್ಟು, ಕೈ ತೊಳೆದು ಊಟ ಮಾಡಿದರು.

ಬೆಳಗಾವಿಯ ದವಾಖಾನೆಯಲ್ಲಿ ನಾಲ್ಕು ದಿನ ಇದ್ದೆವು. ಸೂಜಿ ಚುಚ್ಚಿ ಕರೆಂಟಿನಿಂದ ನೋಡಿದರು, ಸ್ಕ್ಯಾನ್ ಮಾಡಿದರು. ಡಾಕ್ಟರು ಒಳ್ಳೆಯವರು, ಕನ್ನಡದಲ್ಲಿ ನಿಧಾನವಾಗಿ ಹೇಳಿದರು. ನರಗಳ ರೋಗ. ಕಾಲಿನಿಂದ ಶುರುವಾಗಿದೆ, ಮೇಲೆ ಬರುತ್ತದೆ. ನಿಲ್ಲಿಸುವ ಔಷಧ ಇಲ್ಲ. ಸವಾರಿಯಲ್ಲಿ ತಮ್ಮ ಬಲಗಾಲು ಒತ್ತುತ್ತಿತ್ತು, ಎಡಗಾಲು ಅದಕ್ಕೆ ಎದುರು ಒತ್ತುತ್ತಿರಲಿಲ್ಲ; ಕುದುರೆ ಒತ್ತಿದ ಕಡೆಯಿಂದ ಸರಿದು ಹೋಗುತ್ತಿತ್ತು, ಅದಕ್ಕೆ ಕಲಿಸಿದ್ದನ್ನೇ ಮಾಡುತ್ತಿತ್ತು ಎಂದು ಬಸ್ಸಿನಲ್ಲಿ ಬರುವಾಗ ಅವರು ನನಗೆ ವಿವರಿಸಿದರು. ತಾವು ಇಷ್ಟು ದಿನ ಅದನ್ನು ಹಿಡಿಯಲಿಲ್ಲವಲ್ಲ ಎಂಬುದೊಂದೇ ಅವರಿಗೆ ನಾಚಿಕೆ.

ಯುಗಾದಿಗೆ ಎಂಟು ವಾರ ಇತ್ತು. ಯಾರಿಗೂ ಹೇಳುವುದು ಬೇಡ, ಅಲ್ಲಿಯವರೆಗೆ ಈರಣ್ಣನೇ ಚಂಪಾಳ ಮೇಲೆ ಕುಳಿತುಕೊಳ್ಳಲಿ, ಅವಳು ತೇರದಾಳ ಸೇರಿದ ಮೇಲೆ ಬೇಕಾದರೆ ಹೇಳೋಣ ಎಂದು ನಾನು ಅಂದೆ. ನನಗೆ ಕಾಣುತ್ತಿತ್ತು, ರೋಗದ ಸುದ್ದಿ ಹೊರಬಿದ್ದ ಕೂಡಲೇ ಅದು ಯಾರ ತಲೆಗೆ ಬರುತ್ತದೆ ಎಂದು. ಕಣ್ಣೀರು ಸುಳಿ ಬಂದ ಮೂರನೆಯ ತಿಂಗಳಿಗೆ ಮನೆಯ ಗಂಡಸಿನ ಕಾಲು ಹೋಯಿತು ಎಂದರೆ ಮುದುಕಿ ಏನು, ಪದ್ಮಣ್ಣನವರೂ ಅವಳನ್ನು ಇಟ್ಟುಕೊಳ್ಳುವುದಿಲ್ಲ. ನಮ್ಮ ಮನೆಯವರು ಕೇಳಲಿಲ್ಲ. ಪದ್ಮಣ್ಣನವರು ಮೂರು ಸಲ ಕಣ್ಣಾರೆ ನೋಡಿದ್ದಾರೆ. ಅವಳಿಗೆ ಸೊಟ್ಟ ಕುದುರೆ ಎಂಬ ಹೆಸರು ಬಂದಿದೆ, ಅದನ್ನು ತೆಗೆಯಬೇಕಾದವನು ನಾನು ಎಂದರು.

ಶಿವರಾತ್ರಿಗೆ ಮುಂಚಿನ ರವಿವಾರ ಪದ್ಮಣ್ಣನವರು ಬಂದರು. ನಮ್ಮ ಮನೆಯವರು ಅವರನ್ನು ತುದಿಯಲ್ಲಿ ನಿಲ್ಲಿಸಿ, ಈರಣ್ಣನಿಗೆ ಒಳಗೆ ಬರಲು ಹೇಳಿದರು. ಚಂಪಾ ದುಲಕಿಯಲ್ಲೇ ಬಂದಳು. ಈರಣ್ಣನ ಹೊಟ್ಟೆ ಕುಣಿಯಿತು, ಅವಳ ಹೆಜ್ಜೆ ಅಲುಗಲಿಲ್ಲ.

“ನೆಟ್ಟಗ ಬಂದ್ಲಲ್ಲ,” ಎಂದರು ಪದ್ಮಣ್ಣ. ಮುಖ ಅರಳಿತ್ತು.

“ಆಕಿ ಮೊದಲಿಂದ ನೆಟ್ಟಗ ಇದ್ಲು ಪದ್ಮಣ್ಣಾರ. ಸೊಟ್ಟ ಆದಾಂವ ನಾನು. ಎಡಗಾಲಾಗ ಶಕ್ತಿ ಇಲ್ಲ. ಬೆಳಗಾವ್ಯಾಗ ತೋರಿಸಿದೆ. ಅದು ಕಡಿಮಿ ಆಗೂ ಜಡ್ಡಲ್ಲಂತ.”

ಪದ್ಮಣ್ಣನವರು ಮೇವಿನ ಪೆಟ್ಟಿಗೆಯ ಮೇಲೆ ಕುಳಿತರು. ಅವರಿಗೆ ನಿಜವಾಗಿಯೂ ಕೆಟ್ಟದೆನಿಸಿತು. ಡಾಕ್ಟರ ಹೆಸರು ಕೇಳಿದರು, ಬೇರೆ ಊರಿನಲ್ಲಿ ತೋರಿಸೋಣವೇ ಎಂದು ಕೇಳಿದರು. ಆಮೇಲೆ ಸ್ವಲ್ಪ ತಡೆದು, ಯಾವಾಗಿನಿಂದ ಎಂದು ಕೇಳಿದರು.

ನಮ್ಮ ಮನೆಯವರು ಯೋಚಿಸಿದರು. ಅವರು ಸುಳ್ಳು ಹೇಳುವವರಲ್ಲ, ತಮಗೆ ತಿಳಿದದ್ದನ್ನೇ ಹೇಳಿದರು.

“ದೀಪಾವಳಿ ಆದ ಮ್ಯಾಲೆ,” ಎಂದರು.

ಪದ್ಮಣ್ಣನವರು ಚಂಪಾಳ ಕಡೆ ನೋಡಿದರು. ಅವಳ ಎಡಗಣ್ಣು ನಮ್ಮ ಕಡೆಗಿತ್ತು. ಈರಣ್ಣ ಲಗಾಮು ಹಿಡಿದು ಕುದುರೆಯ ಮೇಲೆ ಹಾಗೆಯೇ ಕುಳಿತಿದ್ದರು. ತಾವು ಏನು ಹೇಳಿಬಿಟ್ಟೆವು ಎಂದು ನಮ್ಮ ಮನೆಯವರಿಗೂ ಆಗ ತಿಳಿಯಿತು. ಅವರ ಕೈ ಚಂಪಾಳ ಕುತ್ತಿಗೆಯ ಮೇಲೆ ಹೋಗಿ ನಿಂತಿತು. ಹೇಳಿದ ಮಾತನ್ನು ಅವರು ತಿರುಗಿಸಲಾರರು.

“ಶ್ರಾವಣದಿಂದ ಐತ್ರಿ,” ಎಂದೆ ನಾನು.

ಗಂಡಸರು ಮೂವರೂ ನನ್ನ ಕಡೆ ತಿರುಗಿದರು.

“ತಂಗೀ,” ಎಂದರು ಪದ್ಮಣ್ಣ, “ಕುದುರಿ ಉಳಸಾಕಂತ ಹೇಳಬ್ಯಾಡ. ನಾ ಐವತ್ತ ವರ್ಷ ದನದ ಸಂತಿ ಮಾಡಿದಾಂವ. ಮಾರಾವ್ರ ಮುಖ ನೋಡಿ ನೋಡಿ ಮುದುಕ ಆಗೇನಿ.”

“ಬಾದಶಹನ ಮ್ಯಾಲೆ ಕುಂತಾಗ ಒಂದ ಗೇಣು ಎಡಕ್ಕ ಹೋಗ್ತಿತ್ತ್ರಿ. ಆವಾಗ ನಿಮ್ಮ ಕುದುರಿ ಇಲ್ಲಿ ಇರಲಿಲ್ಲ. ದಿನಾ ನಾನ ಉಸುಕ ಎಳೀತಿದ್ದೆ, ನಾನ ಒರಸೇನಿ.”

“ಮತ್ತ ಗಂಡಗ ಯಾಕ ಹೇಳಲಿಲ್ಲ?”

ನಮ್ಮ ಮನೆಯವರ ಕಡೆ ನೋಡದೆ ಹೇಳಿದೆ. “ಕುದುರಿಗಿ ವಯಸ್ಸಾತು ಅನ್ಕೊಂಡೆ. ಹೇಳಿದ್ರ ಅದನ್ನ ಕಟ್ಟಿ ಹಾಕ್ತಾರ, ಅವರ ಮನಸಿಗಿ ಹತ್ತತೈತಿ ಅಂತ ಸುಮ್ಮನಾದೆ. ನಂದ ತಪ್ಪು.”

ಪದ್ಮಣ್ಣನವರು ಬಹಳ ಹೊತ್ತು ನನ್ನ ಮುಖ ನೋಡಿದರು. ಅಲ್ಲಿ ಮಾರುವವರ ಮುಖ ಅವರಿಗೆ ಕಾಣಲಿಲ್ಲ ಎಂದು ತೋರುತ್ತದೆ. ಎದ್ದು ಧೋತರ ಝಾಡಿಸಿಕೊಂಡರು. “ಅವ್ವಗ ಹೇಳ್ತೇನಿ,” ಎಂದರು. “ಕುದುರಿ ಬರೂಕಿಂತ ಮೊದಲ ಜಡ್ಡು ಆ ಮನ್ಯಾಗ ಬಂದಿತ್ತಂತ. ನೋಡಿದಾಕಿ ಬಾಯಿಂದನ ಕೇಳೇನಿ ಅಂತ.”

ಯುಗಾದಿಯ ಮರುದಿನ ಚಂಪಾ ತೇರದಾಳಕ್ಕೆ ಹೋದಳು. ಮುದುಕಿ ಆರತಿ ಮಾಡಲಿಲ್ಲವಂತೆ, ಆದರೆ ಬೇಡ ಎಂದೂ ಅನ್ನಲಿಲ್ಲವಂತೆ. ಮೂರು ದಿನ ಬಿಟ್ಟು ತಾವೇ ಕೈಯಲ್ಲಿ ಬೆಲ್ಲ ಹಿಡಿದು ತಿನ್ನಿಸಿದರು ಎಂದು ಪದ್ಮಣ್ಣನವರು ಫೋನು ಮಾಡಿ ತಿಳಿಸಿದರು. ಮಗಳು ಈಗಲೂ ಅವಳ ಮೇಲೆ ಸವಾರಿ ಮಾಡುತ್ತಾಳೆ. ನಮ್ಮ ಮನೆಯವರು ಆ ಮಳೆಗಾಲದವರೆಗೆ ಕುರ್ಚಿಯಲ್ಲಿ ಕುಳಿತು ಪಾಠ ಹೇಳಿದರು. ಆಮೇಲೆ ರೋಗ ಕೈಗೆ ಬಂತು, ಆಮೇಲೆ ಮಾತಿಗೆ ಬಂತು, ಕೊನೆಗೆ ಉಸಿರಿಗೆ. ಬೆಳಗಾವಿಯಿಂದ ಬಂದ ಮೇಲೆ ಹದಿನಾಲ್ಕು ತಿಂಗಳು ಇದ್ದರು. ಬಾದಶಹ ಅವರಿಗಿಂತ ಎರಡು ತಿಂಗಳು ಮುಂಚೆ ಹೋದ. ಉಳಿದವುಗಳನ್ನು ಒಳ್ಳೆಯ ಜಾಗ ನೋಡಿ ಕೊಟ್ಟೆ. ಹೊಲ ಲಾವಣಿಗೆ, ಅಂದರೆ ಗೇಣಿಗೆ, ಹೋಯಿತು. ಅಂಗಳದ ಉಸುಕು ತೆಗೆಸಿ ಲಾವಣಿ ಹಿಡಿದವರು ಕಬ್ಬು ಹಚ್ಚಿದ್ದಾರೆ. ಸುಳಿಯ ಕುದುರೆ ಕಟ್ಟಿದ್ದಕ್ಕೆ ಹೀಗಾಯಿತು ಎಂದು ಸುತ್ತಲಿನವರು ಈಗಲೂ ಹೇಳುತ್ತಾರೆ. ಮೊದಮೊದಲು ನಾನು ಅಲ್ಲ ಎಂದು ಹೇಳುತ್ತಿದ್ದೆ. ಶ್ರಾವಣದಲ್ಲೇ ಹೇಳಿದ್ದರೂ ಏನೂ ಆಗುತ್ತಿರಲಿಲ್ಲ ಎಂದು ಡಾಕ್ಟರು ನನಗೆ ಎರಡು ಸಲ ಹೇಳಿದ್ದಾರೆ. ರೋಗದ ಮಟ್ಟಿಗೆ ಅದು ಸರಿಯಿರಬೇಕು.

ಶಿವರಾತ್ರಿಗೆ ಮುಂಚಿನ ಆ ರವಿವಾರ ಪದ್ಮಣ್ಣನವರ ಗಾಡಿ ಹೋದ ಮೇಲೆ ಈರಣ್ಣ ಚಂಪಾಳ ಜೀನು ಇಳಿಸಿ, ಮೈ ಒರೆಸಿ, ಏನೂ ತಮಾಷೆ ಮಾಡದೆ ಹೊರಟರು. ಸಂಜೆ ನಾಲ್ಕೂವರೆ ಇರಬೇಕು. ನಾನು ಉಸುಕು ಎಳೆಯಲು ಕೋಲು ತೆಗೆದುಕೊಂಡೆ. ನಮ್ಮ ಮನೆಯವರು ಇರಲಿ ಬಿಡು ಎಂದರು. ಚಹಾ ಮಾಡಿ ತಂದೆ. ಅವರು ಕಟ್ಟೆಯ ಮೇಲೆ ಎಡಗಾಲು ಉದ್ದಕ್ಕೆ ಚಾಚಿ ಕುಳಿತು ಅಂಗಳವನ್ನು ನೋಡುತ್ತಿದ್ದರು. ಹೇಳಲಿಲ್ಲ ಯಾಕೆ ಎಂದು ಕೇಳುತ್ತಾರೆ ಎಂದು ನಾನು ಕಾಯುತ್ತಿದ್ದೆ.

“ಶ್ರಾವಣದಾಗ ಯಾವತ್ತ ಕಂಡೆ, ಕಸ್ತೂರಿ?” ಎಂದು ಕೇಳಿದರು.

ಎರಡನೆಯ ಸೋಮವಾರ ಎಂದೆ. ಹಿಂದಿನ ದಿನ ಮಳೆ ಬಂದು ಉಸುಕು ಹಸಿಯಾಗಿತ್ತು, ಗೊರಸುಗಳು ಅಚ್ಚು ಒತ್ತಿದಂತೆ ಮೂಡಿದ್ದವು, ಅದಕ್ಕೇ ಕಣ್ಣಿಗೆ ಬಿತ್ತು ಎಂದೆ.

ಅವರು ಚಹಾ ಒಂದು ಗುಟುಕು ಕುಡಿದರು.

“ಆ ಸೋಮವಾರ ನೆನಪೈತಿ ನನಗ,” ಎಂದರು. “ಕೈಯಾಗ ಲಗಾಮು ಇದ್ದದ್ದೂ ಗೊತ್ತಾಗಲಿಲ್ಲ. ಇಪ್ಪತ್ತ ವರ್ಷದಾಗ ಅಷ್ಟ ಛಲೋ ಸವಾರಿ ಆಗಿರಲಿಲ್ಲ ಅನ್ಕೊಂಡಿದ್ದೆ.” ಚಹಾದ ಬಟ್ಟಲನ್ನು ಕೈಯಲ್ಲಿ ತಿರುಗಿಸಿದರು. “ನೀ ಅಲ್ಲೇ ನಿಂತಿದ್ದಿ. ನಿನಗ ಹೆಂಗ ಕಂಡಿತ್ತು?”

“ಭಾಳ ಛಲೋ ಇತ್ರಿ,” ಎಂದೆ.

ಅದು ಅವರನ್ನು ಸಮಾಧಾನ ಮಾಡಲು ಹೇಳಿದ್ದಲ್ಲ. ಸವಾರಿ ನಡೆಯುವಾಗ ನಾನು ನೋಡಿದ್ದು ಅವರನ್ನು, ಹೆಜ್ಜೆಗಳನ್ನು ನೋಡಿದ್ದು ಸವಾರಿ ಮುಗಿದ ಮೇಲೆ.